ಪೌಂಡ್ ಗುರುತಿನೊಳಗೆ ಸಿಕ್ಕಿಕೊಂಡ ‘ನ’

ಊರಿನಿಂದ ಭಾವ ಫೋನು ಮಾಡಿದ್ದರು. ಹೊಲವನ್ನು ಅಳೆದು ಭಾಗ ಮಾಡಿಕೊಡುವ ಪೋಡಿಯ ವಿಚಾರ. ಹತ್ತು ಹದಿನೈದು ವರ್ಷದ ಹಿಂದೆ ಹೊರಟ ಯಾವುದೋ ಸುತ್ತೋಲೆಯ ನೆಪ ಹೇಳಿ ಕಚೇರಿಯವರು ವಾಪಸು ಕಳಿಸಿದರಂತೆ. ಅದರಲ್ಲಿ ನಿಜವಾಗಿ ಏನಿದೆ ನೋಡಿ ಹೇಳು ಎಂದರು. ಅಂತರ್ಜಾಲದಲ್ಲಿ ಎಷ್ಟು ಜಾಲಾಡಿದರೂ ಸಿಗಲಿಲ್ಲ. ಕೊನೆಗೆ ಪರಿಚಯದ ವಕೀಲರೊಬ್ಬರು ಅದರ ಪಿಡಿಎಫ್ ಕಳಿಸಿಕೊಟ್ಟರು. ಪರದೆಯ ಮೇಲೆ ದುಂಡುದುಂಡಾದ ಚೆಂದದ ಕನ್ನಡ. ಬೇಕಾದ ಎರಡು ಸಾಲು ಆರಿಸಿ, ನಕಲು ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ ಭಾವನಿಗೆ ಕಳಿಸಿದೆ. ಎರಡೇ ನಿಮಿಷಕ್ಕೆ ಮತ್ತೆ ಫೋನು.

‘ಏನಪ್ಪಾ ಇದು, ಯಾವ ಭಾಷೇಲಿ ಕಳಿಸಿದ್ದೀಯ?’

ನೋಡಿದರೆ ಒಂದಕ್ಷರ ಕನ್ನಡವಿಲ್ಲ. ‘ಕನ್ನಡ’ ಎಂಬ ಪದ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆ ಗೀಟು ಹೊತ್ತ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೊಂದು ಗೀಟಿನ ಎ, ಜರ್ಮನರು ಬಳಸುವ ಜೋಡಿ ಎಸ್, ಸಣ್ಣ ಕ್ಯು, ಇನ್ನೊಂದು ಗೀಟಿನ ಎ. ಸರ್ಕಾರಿ ಕಾಗದ ಪತ್ರದ ಜೊತೆ ಒಡನಾಟವಿದ್ದವರಿಗೆಲ್ಲ ಈ ಏಳು ಗುರುತುಗಳ ಪರಿಚಯವಿದೆ. ‘ಓ, ಅದು ನುಡಿ ಫಾಂಟಲ್ಲಿದೆ’ ಎಂದು ಸುಮ್ಮನಾಗುತ್ತೇವೆ.

ಸುಮ್ಮನಾಗುವ ಮೊದಲು ಆ ಏಳು ಗುರುತುಗಳನ್ನು ಸ್ವಲ್ಪ ಬಿಡಿಸಿ ನೋಡಬೇಕು. ಪಿ ಎಂದರೆ ತಲೆಕಟ್ಟಿಲ್ಲದ ಕಕಾರದ ಒಡಲು. ಗೀಟಿನ ಎ ಎಂದರೆ ತಲೆಕಟ್ಟು. ಪೌಂಡ್ ಗುರುತು ನಕಾರದ ಒಡಲು, ಜೋಡಿ ಎಸ್ ಅದರ ಒತ್ತು, ಸಣ್ಣ ಕ್ಯು ಡಕಾರದ ಒಡಲು. ಹಳೆಯ ಮುದ್ರಣಾಲಯಗಳಲ್ಲಿ ಮೊಳೆ ಜೋಡಿಸುತ್ತಿದ್ದವರು ಮಾಡುತ್ತಿದ್ದ ಕೆಲಸವೇ ಇದು. ಅವರ ಮುಂದಿನ ಮರದ ಖಾನೆಗಳಲ್ಲಿ ಒಡಲು, ಕೊಂಬು, ಒತ್ತುಗಳೆಲ್ಲ ಬೇರೆ ಬೇರೆ ಇರುತ್ತಿದ್ದವು. ಕಂಪ್ಯೂಟರಿನಲ್ಲಿ ಆ ಖಾನೆಗಳಿಗೆ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ನಂಬರುಗಳನ್ನೇ ಹಚ್ಚಿದರು. ಫಾಂಟ್ ಎಂಬ ಮುಸುಕು ಹಾಕಿದರೆ 163ನೇ ನಂಬರು ನಕಾರದ ಒಡಲಾಗಿ ಕಾಣುತ್ತದೆ, ಮುಸುಕು ಜಾರಿದರೆ ಪೌಂಡ್. ಅಂದರೆ ಆ ಸುತ್ತೋಲೆಯೊಳಗೆ ಕನ್ನಡ ಎಂದೂ ಇರಲೇ ಇಲ್ಲ, ಇದ್ದದ್ದು ಕನ್ನಡದ ಚಿತ್ರ ಬರೆಯುವ ಸೂಚನೆ ಅಷ್ಟೆ.

ಆಗಿನವರು ದಡ್ಡರಾಗಿದ್ದರು ಎಂದು ಇದನ್ನು ಹೇಳುತ್ತಿಲ್ಲ. ತೊಂಬತ್ತರ ದಶಕದ ಕಂಪ್ಯೂಟರಿಗೆ ಅಕ್ಷರ ಎಂದರೆ 256 ಮನೆಗಳ ಒಂದು ಪಟ್ಟಿ, ಅದರಲ್ಲಿ ಅರ್ಧ ಆಗಲೇ ಇಂಗ್ಲಿಷಿನ ಪಾಲು. ಕಾಗುಣಿತ, ಒತ್ತಕ್ಷರ ಎಲ್ಲ ಲೆಕ್ಕ ಹಾಕಿದರೆ ಕನ್ನಡಕ್ಕೆ ಸಾವಿರಾರು ರೂಪ ಬೇಕು. ಒಡೆದು ಜೋಡಿಸುವುದೇ ಉಳಿದ ದಾರಿ. ಶ್ರೀಲಿಪಿ, ಆಕೃತಿ, ಪ್ರಕಾಶಕ ಎಂದು ಒಂದೊಂದು ಕಂಪನಿಯೂ ತನಗೆ ತೋಚಿದಂತೆ ಒಡೆಯಿತು, ತೋಚಿದ ನಂಬರು ಹಾಕಿತು. ಒಂದರಲ್ಲಿ ಬೆರಳಚ್ಚು ಮಾಡಿದ್ದು ಇನ್ನೊಂದರಲ್ಲಿ ತೆರೆದರೆ ಕಸ. ಪತ್ರಿಕಾ ಕಚೇರಿಗೆ ಲೇಖನ ಕಳಿಸುವವರು ಫ್ಲಾಪಿಯ ಜೊತೆಗೆ ಫಾಂಟನ್ನೂ ಕಳಿಸುತ್ತಿದ್ದ ಕಾಲ ಅದು.

ಸರ್ಕಾರ ಕೈಹಾಕಿದ್ದು ಇಲ್ಲಿ. 2000ದ ಆಸುಪಾಸಿನಲ್ಲಿ ಮೊಳೆಗಳ ಒಂದೇ ಪಟ್ಟಿ, ಒಂದೇ ಕೀಲಿಮಣೆ ಎಂದು ತೀರ್ಮಾನವಾಯಿತು. ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸ. ಕಕಾರದ ಕೀಲಿ ಒತ್ತಿದರೆ ಕ, ಮಹಾಪ್ರಾಣ ಬೇಕಾದರೆ ಶಿಫ್ಟ್ ಜೊತೆಗೆ ಒತ್ತಬೇಕು. ಉಚ್ಚಾರ ಗೊತ್ತಿದ್ದರೆ ಸಾಕು, ಅರ್ಧ ದಿನದಲ್ಲಿ ಕೈ ಕೂರುತ್ತದೆ. ಸರ್ಕಾರದ ಪರವಾಗಿ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ರೂಪಿಸಿ ಉಚಿತವಾಗಿ ಹಂಚಿತು. ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲೇ ‘ಬರಹ’ ಕೊಟ್ಟಿದ್ದರು, ಅದೂ ಇದೇ ಪಟ್ಟಿಗೆ ಹೊಂದಿಕೊಂಡಿತು. ತಾಲ್ಲೂಕು ಕಚೇರಿಯಲ್ಲಿ ಟೈಪಾದದ್ದು ವಿಧಾನಸೌಧದಲ್ಲಿ ತೆರೆದುಕೊಂಡಿತು. ಸಣ್ಣ ಮಾತಲ್ಲ. ಸರ್ಕಾರ, ಒಂದು ಸ್ವಯಂಸೇವಾ ಸಂಸ್ಥೆ, ದೂರದಲ್ಲಿದ್ದ ಒಬ್ಬ ಖಾಸಗಿ ತಂತ್ರಜ್ಞ ಮೂವರೂ ಒಂದೇ ಪಟ್ಟಿಗೆ ಬಂದದ್ದರಿಂದ ಆದದ್ದು. ಸಾರ್ವಜನಿಕ-ಖಾಸಗಿ ಸಹಭಾಗಿತ್ವ ಎಂದು ಈಗ ದೊಡ್ಡ ಬ್ಯಾನರ್ ಕಟ್ಟಿ ಮಾಡುವುದನ್ನು ನಾವು ಸದ್ದಿಲ್ಲದೆ ಮಾಡಿ ಮುಗಿಸಿದ್ದೆವು.

ಆದರೆ ಒಂದಾದದ್ದು ಮೊಳೆಗಳ ಪಟ್ಟಿಯಲ್ಲಿ. ಅಕ್ಷರಗಳ ಪಟ್ಟಿ ಬೇರೆಯೇ ಕಡೆ ತಯಾರಾಗಿತ್ತು.

ಅದರ ಕತೆಯೂ ನಮ್ಮ ದೇಶದ್ದೇ. ಭಾರತೀಯ ಭಾಷೆಗಳಿಗೆಲ್ಲ ಒಂದೇ ಚೌಕಟ್ಟಿನ ಸಂಕೇತ ಬೇಕೆಂದು ಎಂಬತ್ತರ ದಶಕದಲ್ಲಿ ಕೇಂದ್ರ ಸರ್ಕಾರದ ತಂತ್ರಜ್ಞರು ‘ಇಸ್ಕಿ’ ಎಂಬ ಪಟ್ಟಿ ಮಾಡಿದರು. 1991ರಲ್ಲಿ ಅದು ಭಾರತೀಯ ಮಾನಕ ಬ್ಯೂರೋದ ಮಾನಕವೂ ಆಯಿತು. ಅದರಲ್ಲಿ ಒಡಲು, ತಲೆಕಟ್ಟುಗಳ ಗೊಡವೆಯಿಲ್ಲ, ಕ ಎಂದರೆ ಕ ಅಷ್ಟೆ. ಒತ್ತು ಹೇಗೆ ಕಾಣಬೇಕು, ಎಲ್ಲಿ ಕೂರಬೇಕು ಎಂಬುದು ತೋರಿಸುವ ತಂತ್ರಾಂಶದ ಪಾಡು. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಕಂಪ್ಯೂಟರ್ ಕಂಪನಿಗಳು ಸೇರಿ ಯುನಿಕೋಡ್ ಒಕ್ಕೂಟ ಕಟ್ಟಿಕೊಂಡು, ಜಗತ್ತಿನ ಅಕ್ಷರಗಳಿಗೆಲ್ಲ ನಂಬರು ಕೊಡಲು ಕೂತವು. ಭಾರತದ ಲಿಪಿಗಳ ಸರದಿ ಬಂದಾಗ ನಮ್ಮ ಇಸ್ಕಿಯ ಜೋಡಣೆಯನ್ನೇ ಎತ್ತಿಕೊಂಡವು. ಅದಕ್ಕೇ ಸೊನ್ನೆಯಿಂದ ಎಣಿಸುತ್ತಾ ಹೋದರೆ ದೇವನಾಗರಿಯ ಕ ತನ್ನ ಸಾಲಿನ 21ನೇ ಮನೆಯಲ್ಲಿದೆ, ಕನ್ನಡದ ಕ ಕೂಡ ತನ್ನ ಸಾಲಿನ 21ನೇ ಮನೆಯಲ್ಲಿದೆ. ಕನ್ನಡದ ಸಾಲು 3200ರಿಂದ 3327ರವರೆಗೆ, ಒಟ್ಟು 128 ಮನೆ. ‘ಕನ್ನಡ’ ಎಂದು ಬರೆದರೆ ಒಳಗೆ ಕೂರುವುದು 3221, 3240, 3277, 3240, 3233. ಕ, ನ, ವಿರಾಮ, ನ, ಡ. ಈ ಐದು ನಂಬರುಗಳಿಗೆ ಪ್ರಪಂಚದಲ್ಲಿ ಬೇರೆ ಅರ್ಥವಿಲ್ಲ. ಮುಸುಕು ಹಾಕಿ, ತೆಗೆಯಿರಿ, ಅದು ಕನ್ನಡವೇ.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಈ ಕನ್ನಡವನ್ನು ತಾನಾಗಿ ತೋರಿಸಬಲ್ಲದಾಗಿತ್ತು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಇದರಲ್ಲೇ ಬರೆಯಿತು. ಕೇಂದ್ರದ ಮಾಹಿತಿ ತಂತ್ರಜ್ಞಾನ ಇಲಾಖೆ ಇ-ಆಡಳಿತಕ್ಕೆ ಯುನಿಕೋಡೇ ಶಿಷ್ಟತೆ ಎಂದು 2009ರಲ್ಲಿ ಹೇಳಿತು, ಮರುವರ್ಷ ಮುಕ್ತ ಶಿಷ್ಟತೆಗಳ ನೀತಿಯನ್ನೇ ಹೊರಡಿಸಿತು. ನಮ್ಮಲ್ಲಿ ಡಾ. ಚಿದಾನಂದ ಗೌಡರ ಅಧ್ಯಕ್ಷತೆಯ ಸಮಿತಿ ಯುನಿಕೋಡ್‌ಗೆ ಹೋಗಿ ಎಂದಿತು, ಸರ್ಕಾರವೂ ಒಪ್ಪಿತು. ನುಡಿಯ ಮುಂದಿನ ಆವೃತ್ತಿಗಳಲ್ಲಿ ಯುನಿಕೋಡೂ ಸೇರಿತು. ಕಾಗದದ ಮೇಲೆ ಅಲ್ಲಿಗೆ ಕತೆ ಮುಗಿಯಬೇಕಿತ್ತು.

ಕಚೇರಿಯ ಮೇಜಿನ ಮೇಲೆ ಮುಗಿಯಲಿಲ್ಲ. ಬೆರಳು ಕಲಿತದ್ದನ್ನು ಬಿಡುವುದಿಲ್ಲ, ಹಳೆಯ ಕಡತವನ್ನೇ ತೆರೆದು ತಾರೀಖು ಬದಲಿಸಿ ಹೊಸ ಆದೇಶ ಮಾಡುವ ಪದ್ಧತಿಯಂತೂ ಬಿಡಿಸಲಾಗದ್ದು. ತಂತ್ರಾಂಶದಲ್ಲಿ ಹಳತು ಹೊಸತು ಎರಡೂ ಇದ್ದರೆ ಆಪರೇಟರ್ ಹಳತನ್ನೇ ಆರಿಸುತ್ತಾರೆ. ತಪ್ಪು ಅವರದಲ್ಲ. ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಮುದ್ರಿಸಿದರೆ ಒಂದೇ ಥರ ಬರುತ್ತವೆ, ಸಾಹೇಬರ ಸಹಿಗೆ ಎರಡೂ ಒಂದೇ. ಇನ್ನು ಕೆಲವು ಕಡೆ ಯುನಿಕೋಡಿನಲ್ಲೇ ಟೈಪಾದ ಆದೇಶವನ್ನು ಮುದ್ರಿಸಿ, ಸಹಿ ಹಾಕಿ, ಮೊಹರು ಒತ್ತಿ, ಸ್ಕ್ಯಾನ್ ಮಾಡಿ, ಓರೆಯಾದ ಫೋಟೋವನ್ನು ಜಾಲತಾಣಕ್ಕೆ ಏರಿಸುತ್ತಾರೆ. ಅದು ಮೊಳೆಗಿಂತ ಒಂದು ಹೆಜ್ಜೆ ಹಿಂದೆ, ಕಲ್ಲಚ್ಚು.

ಜನ ಇದನ್ನು ‘ಆಸ್ಕಿ ಕನ್ನಡ’ ಎನ್ನುತ್ತಾರೆ. ಅದೂ ಸರಿಯಾದ ಹೆಸರಲ್ಲ. ಆಸ್ಕಿಯಲ್ಲಿ ಇರುವುದೇ 128 ನಂಬರು, ಪೌಂಡ್ ಗುರುತಿಗೆ ಅಲ್ಲಿ ಜಾಗವೇ ಇಲ್ಲ. ಇರಲಿ, ಕಾಯಿಲೆಗೆ ಇಟ್ಟ ಹೆಸರು ತಪ್ಪಾದರೂ ಕಾಯಿಲೆ ನಿಜ. ನನಗೆ ಅಂತರ್ಜಾಲದಲ್ಲಿ ಆ ಸುತ್ತೋಲೆ ಯಾಕೆ ಸಿಗಲಿಲ್ಲ ಎಂಬುದು ಈಗ ಗೊತ್ತಾಗಿರಬೇಕು. ನಾನು ‘ಪೋಡಿ’ ಎಂದು ಹುಡುಕಿದೆ, ಆ ಕಡತದೊಳಗೆ ‘ಪೋಡಿ’ ಎಂಬ ಪದವೇ ಇರಲಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನು ದಾಖಲೆಗಳನ್ನು ಸುಲಭವಾಗಿ ಸಿಗುವಂತೆ ಪಟ್ಟಿ ಮಾಡಿ ಕಂಪ್ಯೂಟರಿಗೆ ಏರಿಸಬೇಕು ಎನ್ನುತ್ತದೆ. ಏರಿಸಿದ್ದಾರೆ, ಇಲ್ಲವೆನ್ನುವಂತಿಲ್ಲ. ಕಣ್ಣು ಕಾಣದವರ ಕಷ್ಟ ಇನ್ನೂ ದೊಡ್ಡದು. ಪರದೆಯನ್ನು ಓದಿ ಹೇಳುವ ಎನ್‌ವಿಡಿಎಯಂಥ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕನ್ನಡವನ್ನು ಉಚ್ಚರಿಸಬಲ್ಲ ದನಿಯೂ ಅದಕ್ಕುಂಟು. ಸುತ್ತೋಲೆಯನ್ನು ಅದರ ಮುಂದಿಟ್ಟರೆ ‘ಪಿ, ಎ, ಪೌಂಡ್’ ಎಂದು ಮಣಮಣ ಶುರುವಾಗುತ್ತದೆ.

ಇದಕ್ಕೆ ಪರಿವರ್ತಕಗಳಿವೆಯಲ್ಲ ಎನ್ನುತ್ತೀರಿ. ಇವೆ, ಒಳ್ಳೆಯವೇ ಇವೆ. ಆಸಕ್ತ ಕನ್ನಡಿಗರು ಸಂಬಳವಿಲ್ಲದೆ ಬರೆದು ಮುಕ್ತವಾಗಿ ಹಂಚಿದವೂ ಇವೆ. ಆದರೆ ಆ ಕೆಲಸ ಕಂಡಷ್ಟು ಸಲೀಸಲ್ಲ. ‘ಸೂರ್ಯ’ ಪದವನ್ನೇ ತೆಗೆದುಕೊಳ್ಳಿ. ಮೊಳೆ ಪಟ್ಟಿಯಲ್ಲಿ ಅರ್ಕಾವತ್ತು ಕೊನೆಗೆ ಬರುತ್ತದೆ, ಕಣ್ಣಿಗೆ ಕಾಣುವ ಕ್ರಮ ಅದು. ಯುನಿಕೋಡಿನಲ್ಲಿ ರಕಾರ ಯಕಾರಕ್ಕಿಂತ ಮೊದಲು ಬರಬೇಕು, ಬಾಯಿ ಉಚ್ಚರಿಸುವ ಕ್ರಮ ಇದು. ಪರಿವರ್ತಕ ಅರ್ಕಾವತ್ತನ್ನು ಕಂಡ ಕೂಡಲೇ ಹಿಂದೆ ಓಡಿ, ಇಡೀ ಗುಣಿತಾಕ್ಷರವನ್ನು ದಾಟಿ, ರಕಾರವನ್ನು ಅದರ ಮುಂದೆ ತೂರಿಸಬೇಕು. ಇದನ್ನಾದರೂ ನಿಯಮ ಬರೆದು ಗೆಲ್ಲಬಹುದು. ಇಂಗ್ಲಿಷ್ ಬೆರೆತ ಕಡತದಲ್ಲಿ ಮಾತ್ರ ಯಾವ ನಿಯಮವೂ ನಿಲ್ಲುವುದಿಲ್ಲ. ಲೋಕೋಪಯೋಗಿ ಇಲಾಖೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರ ಪಿ. ಅದು ನಿಜವಾದ ಪಿಯೋ, ಕಕಾರದ ಒಡಲೋ? ಎರಡಕ್ಕೂ ಒಳಗೆ ನಂಬರು 80. ಯಾವ ಪದಕ್ಕೆ ಯಾವ ಫಾಂಟ್ ಹಾಕಿತ್ತು ಎಂಬ ಗುರುತು ಉಳಿದಿದ್ದರೆ ಬಚಾವು. ನಕಲು ಮಾಡಿದ ಬರಹದಲ್ಲಿ ಅದು ಉಳಿದಿರುವುದಿಲ್ಲ.

ನಮ್ಮಲ್ಲಿ ಈ ಚರ್ಚೆ ಹುಟ್ಟಿದಾಗಲೆಲ್ಲ ಸರ್ಕಾರ ತಾನೇ ಮಾಡಬೇಕೋ ಖಾಸಗಿಯವರಿಗೆ ಬಿಡಬೇಕೋ ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಮೇಲಿನ ಕತೆ ಆ ಪ್ರಶ್ನೆಗೆ ಕಾಸಿನ ಬೆಲೆ ಕೊಡುವುದಿಲ್ಲ. ಸಾರ್ವಜನಿಕ ಹಣದಲ್ಲಿ, ಒಳ್ಳೆಯ ಮನಸ್ಸಿನಿಂದ, ಉಚಿತವಾಗಿ ಹಂಚಿದ ತಂತ್ರಾಂಶದಲ್ಲಿ ಬರೆದದ್ದು ಕಂಬಿ ಹಿಂದೆ ಉಳಿಯಿತು. ಲಾಭಕ್ಕೆ ದುಡಿಯುವ ಅಮೆರಿಕದ ಕಂಪನಿಗಳ ಒಕ್ಕೂಟ ಮಾಡಿದ ಪಟ್ಟಿಯಲ್ಲಿ ಬರೆದದ್ದು ಬಿಡುಗಡೆಯಾಗಿ ಓಡಾಡುತ್ತಿದೆ, ಆ ಪಟ್ಟಿಯ ಬುನಾದಿಯಾದರೋ ನಮ್ಮ ಸರ್ಕಾರಿ ತಂತ್ರಜ್ಞರದು. ಯಾರು ಮಾಡಿದರು ಎಂಬುದು ದೊಡ್ಡದಾಗಲೇ ಇಲ್ಲ. ಏನನ್ನು ಗಟ್ಟಿ ಮಾಡಿದರು, ಅಕ್ಷರವನ್ನೋ ಅದರ ಆಕಾರವನ್ನೋ, ಎಷ್ಟು ಜನ ಕೂತ ಮೇಜಿನಲ್ಲಿ ಗಟ್ಟಿ ಮಾಡಿದರು ಎಂಬುದಷ್ಟೇ ಲೆಕ್ಕಕ್ಕೆ ಬಂತು. ಕರ್ನಾಟಕದ ಗಡಿಯೊಳಗೆ ನಮ್ಮ ಮೊಳೆ ಪಟ್ಟಿಯೂ ಶಿಷ್ಟತೆಯೇ ಆಗಿತ್ತು. ಆದರೆ ಗೂಗಲ್ಲಿಗೆ, ಫೋನು ತಯಾರಿಸುವವರಿಗೆ, ಪಕ್ಕದ ಆಂಧ್ರಕ್ಕೆ ಅದು ಗೊತ್ತಿಲ್ಲ.

ಹಾಗೆಂದು ಆ ದೊಡ್ಡ ಮೇಜಿನವರು ತಪ್ಪು ಮಾಡುವುದಿಲ್ಲ ಎಂದೇನಲ್ಲ. 3294ನೇ ಮನೆಯಲ್ಲಿ ಹಳಗನ್ನಡದ ೞ ಇದೆ. ಪಂಪ ಬಳಸಿದ ಅಕ್ಷರ. ಯುನಿಕೋಡ್ ಪಟ್ಟಿಯಲ್ಲಿ ಅದಕ್ಕಿಟ್ಟ ಹೆಸರು ‘ಕನ್ನಡ ಅಕ್ಷರ ಫ’. ಫ್ಯಾನು, ಫೋನುಗಳ ಫ! ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದು ಎಂಬುದು ಒಕ್ಕೂಟದ ಕಟ್ಟುನಿಟ್ಟಿನ ನಿಯಮ, ಇಲ್ಲವಾದರೆ ಹಳೆಯ ತಂತ್ರಾಂಶಗಳು ಕೆಡುತ್ತವೆ. ಹಾಗಾಗಿ ಪಕ್ಕದಲ್ಲಿ ‘ಇದು ತಪ್ಪು’ ಎಂಬ ಟಿಪ್ಪಣಿ ಹಾಕಿ, ಸರಿಯಾದ ಹೆಸರನ್ನು ಅಡ್ಡಹೆಸರಾಗಿ ಕೊಟ್ಟಿದ್ದಾರೆ. ಶಾಲಾ ದಾಖಲಾತಿಯಲ್ಲಿ ಮೇಷ್ಟ್ರು ತಪ್ಪಾಗಿ ಬರೆದ ಹೆಸರು ಪೆನ್ಷನ್ನಿನವರೆಗೂ ಬರುವಂತೆ. ಮೇಜಿನಲ್ಲಿ ನಮ್ಮ ಕಡೆಯವರು ಕೂತಿರಬೇಕು ಎನ್ನಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ಗೊತ್ತಿಲ್ಲ. ಕೂತಾಗ ಏನಾಗುತ್ತದೆ ಎಂಬುದಕ್ಕೂ ಪಕ್ಕದಲ್ಲೇ ಉದಾಹರಣೆಯಿದೆ. ತುಳು-ತಿಗಳಾರಿ ಲಿಪಿಗೆ 2024ರ ಸೆಪ್ಟೆಂಬರಿನಲ್ಲಿ ಯುನಿಕೋಡಿನಲ್ಲಿ ಜಾಗ ಸಿಕ್ಕಿತು. ಅದರ ಹಿಂದೆ ತಾಳೆಗರಿ ಓದಬಲ್ಲವರ ಅರ್ಜಿಗಳು, ವರ್ಷಗಟ್ಟಲೆ ವಾದ, ಯಾವ ಆಕಾರ ಯಾವ ಹೆಸರು ಎಂಬ ಜಗಳ ಎಲ್ಲ ಇದ್ದವು. ಜಗಳವಾದದ್ದು ಒಳ್ಳೆಯದೇ ಆಯಿತು, ಮನೆ ನಂಬರು ಬರೆಯುವ ಮೊದಲು ಆಯಿತಲ್ಲ.

ಸರ್ಕಾರ ಮನಸ್ಸು ಮಾಡಿದರೆ ಏನಾಗಬಹುದು ಎಂಬುದನ್ನು ಸೊಪ್ಪಿನ ಗಾಡಿಯ ಮೇಲೆ ನೋಡಬಹುದು. ಅಲ್ಲಿ ಅಂಟಿಸಿರುವ ಕ್ಯೂಆರ್ ಚೌಕ ಒಂದು ಕಂಪನಿಯದು, ದುಡ್ಡು ಕಳಿಸುವ ನಿಮ್ಮ ಆ್ಯಪ್ ಇನ್ನೊಂದರದು. ಸೊಪ್ಪಿನಮ್ಮನಿಗೆ ಅದರ ಗೊಡವೆಯಿಲ್ಲ, ಹಣ ಬಂದರೆ ಸರಿ. ಮೊದಲು ಹೀಗಿರಲಿಲ್ಲ. ತಮ್ಮದೇ ಆ್ಯಪ್‌ಗೆ ಮಾತ್ರ ಅರ್ಥವಾಗುವ ಚೌಕಗಳನ್ನೂ ಕಂಪನಿಗಳು ಅಂಗಡಿಗಳಿಗೆ ಹಂಚಿದ್ದವು. 2020ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕು ಇನ್ನು ಮುಂದೆ ಅಂಥ ಹೊಸ ಚೌಕ ಬೇಡ, ಇರುವವರು 2022ರ ಮಾರ್ಚ್ 31ರೊಳಗೆ ಎಲ್ಲರಿಗೂ ಹೊಂದುವ ಚೌಕಕ್ಕೆ ಬದಲಾಗಿ ಎಂದಿತು. ಅದು ಆ್ಯಪ್ ಬರೆಯಲಿಲ್ಲ, ಟೆಂಡರ್ ಕರೆಯಲಿಲ್ಲ, ಆದೇಶಕ್ಕೊಂದು ಗಡುವು ಹಾಕಿತು ಅಷ್ಟೆ. ಅಂದಹಾಗೆ ಆ ಚೌಕವನ್ನು 1994ರಲ್ಲಿ ಕಂಡುಹಿಡಿದದ್ದು ಜಪಾನಿನ ಡೆನ್ಸೋ ವೇವ್ ಎಂಬ ಖಾಸಗಿ ಕಂಪನಿ, ಕಾರಿನ ಬಿಡಿಭಾಗಗಳ ಲೆಕ್ಕಕ್ಕೆ. ಪೇಟೆಂಟ್ ಇದ್ದರೂ ಅದನ್ನು ಚಲಾಯಿಸುವುದಿಲ್ಲ ಎಂದು ಸಾರಿ ಎಲ್ಲರಿಗೂ ಬಿಟ್ಟುಕೊಟ್ಟಿತು.

ಹಳೆಯ ಫಾಂಟಿನ ಈ ರಗಳೆಯನ್ನು ಇವತ್ತು ಎತ್ತಲು ಕಾರಣ ಕೃತಕ ಬುದ್ಧಿಮತ್ತೆ. ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಭಾರತೀಯ ಭಾಷೆಗಳ ಯಂತ್ರಾನುವಾದದ ‘ಭಾಷಿಣಿ’ ಯೋಜನೆಗೆ ಚಾಲನೆ ಕೊಟ್ಟಿತು. ಅದೇ ತಿಂಗಳು ಮದ್ರಾಸ್ ಐಐಟಿಯಲ್ಲಿ ನೀಲೇಕಣಿ ದಂಪತಿಯ 36 ಕೋಟಿ ರೂಪಾಯಿ ದೇಣಿಗೆಯ ಭಾಷಾ ತಂತ್ರಜ್ಞಾನ ಕೇಂದ್ರವೂ ಶುರುವಾಯಿತು. ದೊಡ್ಡ ಕಂಪನಿಗಳಂತೂ ಸರಿಯೇ ಸರಿ. ಎಲ್ಲರಿಗೂ ಬೇಕಾಗಿರುವುದು ಒಂದೇ, ಕನ್ನಡದ ಪಠ್ಯ, ರಾಶಿ ರಾಶಿ ಪಠ್ಯ. ಯಂತ್ರ ಭಾಷೆ ಕಲಿಯುವುದು ಓದಿ ಓದಿ. ಅಂತರ್ಜಾಲದಲ್ಲಿ ಸಿಕ್ಕಿದ್ದನ್ನೆಲ್ಲ ಬಾಚಿ ತಂದು, ಭಾಷೆ ಗುರುತಿಸುವ ಜರಡಿಯಲ್ಲಿ ಹಿಡಿಯುತ್ತಾರೆ. ನಮ್ಮ ಸುತ್ತೋಲೆ ಆ ಜರಡಿಗೆ ಬಿದ್ದಾಗ ಏನಾಗುತ್ತದೆ ಹೇಳಿ. ಪಿ, ಎ, ಪೌಂಡ್. ಕನ್ನಡವಲ್ಲ, ಇಂಗ್ಲಿಷೂ ಅಲ್ಲ, ಜರಡಿಯಿಂದ ಆಚೆ.

ಹೀಗಾಗಿ ಯಂತ್ರಕ್ಕೆ ಸಿನಿಮಾ ಸುದ್ದಿಯ ಕನ್ನಡ ಗೊತ್ತು, ಕ್ರಿಕೆಟ್ಟಿನದು, ಅಡುಗೆ ರೆಸಿಪಿಯದು ಗೊತ್ತು. ಪೋಡಿ, ಹಿಸ್ಸೆ, ಖರಾಬು, ಆಕಾರ್‌ಬಂದ್, ಫೌತಿ ಖಾತೆ ಎಂದರೆ ತಡವರಿಸುತ್ತದೆ, ಇಲ್ಲವೇ ಧೈರ್ಯವಾಗಿ ಏನೋ ಒಂದು ಹೇಳುತ್ತದೆ. ಎರಡನೆಯದು ಹೆಚ್ಚು ಅಪಾಯ. ಕರ್ನಾಟಕದ ಆಡಳಿತ ಕನ್ನಡ ಒಂದು ಅಪರೂಪದ ಭಾಷೆ. ಪಾರಸಿ, ಮರಾಠಿ, ಸಂಸ್ಕೃತ, ಇಂಗ್ಲಿಷ್ ಎಲ್ಲ ಬೆರೆತು, ಶಾನುಭೋಗರ ಕಡತದಿಂದ ಇಂದಿನವರೆಗೆ ಹರಿದು ಬಂದದ್ದು. ರೈತ ಸರ್ಕಾರದೊಂದಿಗೆ ಮಾತಾಡುವುದು ಆ ಭಾಷೆಯಲ್ಲಿ. ಅದರ ಅತಿ ದೊಡ್ಡ ಭಂಡಾರ ಸರ್ಕಾರದ ಕಪಾಟಿನಲ್ಲೇ ಇದೆ, ಯಾರಿಗೂ ಓದಲಾಗದ ನಂಬರುಗಳಲ್ಲಿ.

ಈಗ ಇಲಾಖೆಗಳು ಕಂಪನಿಗಳ ಜೊತೆ ಒಡಂಬಡಿಕೆಗೆ ಸಹಿ ಹಾಕುತ್ತವೆ, ಕನ್ನಡದಲ್ಲಿ ಉತ್ತರಿಸುವ ಚಾಟ್‌ಬಾಟ್ ಬರುತ್ತದೆ ಎಂಬ ಸುದ್ದಿ ಫೋಟೋ ಸಮೇತ ಬರುತ್ತದೆ. ಬರಲಿ. ನನ್ನ ಕುತೂಹಲ ಒಡಂಬಡಿಕೆಯ ಒಳಪುಟಗಳಲ್ಲಿ. ಕಂಪನಿ ಸರ್ಕಾರದ ಹಳೆಯ ಕಡತಗಳನ್ನು ಯುನಿಕೋಡಿಗೆ ತಂದರೆ ಆ ಪಠ್ಯ ಯಾರ ಬಳಿ ಉಳಿಯುತ್ತದೆ? ಗುತ್ತಿಗೆ ಮುಗಿದ ದಿನ ಯಾವ ರೂಪದಲ್ಲಿ ವಾಪಸು ಕೊಡುತ್ತಾರೆ? ತಪ್ಪು ತಿದ್ದಿದ ಪದಪಟ್ಟಿ, ರೈತರು ಕೇಳಿದ ಪ್ರಶ್ನೆಗಳು, ಇವು ಮುಂದಿನ ಕಂಪನಿಗೂ ಒಬ್ಬ ಸಂಶೋಧನಾ ವಿದ್ಯಾರ್ಥಿಗೂ ಸಿಗುತ್ತವೆಯೇ? ಸಿಗದಿದ್ದರೆ ಶ್ರೀಲಿಪಿ, ಆಕೃತಿಗಳ ಕಾಲ ಹೊಸ ಬಟ್ಟೆ ಹಾಕಿಕೊಂಡು ಬಂದಂತೆ. ಚಾಟ್‌ಬಾಟಿಗಿಂತ ಮೊದಲು ಆಗಬೇಕಾದ ಕೆಲಸ ಬಹಳ ಸಪ್ಪೆಯದು, ಉದ್ಘಾಟನೆಗೆ ಒದಗದ್ದು. ಇಂತಿಷ್ಟನೇ ತಾರೀಖಿನ ನಂತರ ಯುನಿಕೋಡಿನಲ್ಲಿಲ್ಲದ ಆದೇಶ ಜಾಲತಾಣಕ್ಕೆ ಏರಬಾರದು, ಸಹಿ ಹಾಕಿದ ಸ್ಕ್ಯಾನ್ ಪ್ರತಿಯ ಜೊತೆಗೆ ಅದರ ಪಠ್ಯವೂ ಇರಬೇಕು. ರಿಸರ್ವ್ ಬ್ಯಾಂಕು ಮಾಡಿದಂತೆ ಒಂದು ಆದೇಶ, ಒಂದು ಗಡುವು. ಹಳೆಯದನ್ನು ಪರಿವರ್ತಿಸುವುದಕ್ಕೆ ಕಂಪನಿಗಳು ಬರಲಿ, ಸ್ವಯಂಸೇವಕರೂ ಬರಲಿ. ಪಠ್ಯ ಮಾತ್ರ ಎಲ್ಲರ ಕೈಗೆಟುಕುವ ಕಡೆ ಇರಲಿ.

ಭಾವನ ಸುತ್ತೋಲೆಯ ಕತೆ ಹೇಳಿ ಮುಗಿಸಲಿಲ್ಲ. ನಾನೇ ಕೂತು ಟೈಪ್ ಮಾಡಬಹುದಿತ್ತು, ಆರು ಪುಟ ನೋಡಿ ಕೈ ಬರಲಿಲ್ಲ. ನಮ್ಮ ಬೀದಿಯ ತುದಿಯಲ್ಲಿ ಒಂದು ಡಿಟಿಪಿ, ಜೆರಾಕ್ಸ್ ಅಂಗಡಿಯಿದೆ. ಅಲ್ಲಿನ ಹುಡುಗಿ ಪೆನ್‌ಡ್ರೈವ್ ಹಾಕಿ, ಕಡತ ತೆರೆದು, ನೋಡಿದ ಕೂಡಲೇ ‘ನುಡಿ ಜೀರೋ ಒನ್ ಇ ಸಾರ್’ ಎಂದಳು, ಹಳೆಯ ವೈದ್ಯರು ನಾಡಿ ಹಿಡಿದು ಹೇಳುವ ಹಾಗೆ. ಪರಿವರ್ತಕಕ್ಕೆ ಹಾಕಿ ಅರ್ಧ ನಿಮಿಷದಲ್ಲಿ ಕೊಟ್ಟಳು.

‘ಇಂಗ್ಲಿಷ್ ಇರೋ ಕಡೆ ಎಲ್ಲ ಕೆಟ್ಟಿರುತ್ತೆ, ಅದನ್ನ ನೀವೇ ನೋಡ್ಕೊಂಡು ಸರಿ ಮಾಡ್ಕೊಳಿ ಸಾರ್. ಇದಕ್ಕೆ ಗೊತ್ತಾಗಲ್ಲ’ ಎಂದು ಪುಟಕ್ಕಿಷ್ಟು ಎಂದು ಲೆಕ್ಕ ಹಾಕಿದಳು. ಗಾಜಿನ ಮೇಲೆ ಅಂಟಿಸಿದ್ದ ಚೌಕಕ್ಕೆ ಫೋನು ಹಿಡಿದು ದುಡ್ಡು ಕಳಿಸಿದೆ. ಯಾವ ಕಂಪನಿಯದೆಂದು ನೋಡಲಿಲ್ಲ.